ಒಂದಕ್ಷರ ತಿದ್ದೋಕೆ ಎಷ್ಟು ವರ್ಷ ಬೇಕು ಸ್ವಾಮಿ? ಟೆಂಡರ್ ಬರೆಯೋರಿಗೂ ಟಿಕೆಟ್ ಕ್ಲೋಸ್ ಮಾಡೋರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಾನ್ಯರೇ ಅಂದ್ರೆ ಯಾರು ಅಂತ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಇದು ನಮ್ ಸೆಕ್ಷನ್ನಿಗೆ ಬರಲ್ಲ ಅಂತ ಪಕ್ಕದ ಟೇಬಲ್ಲಿಗೆ ತಳ್ಳೋ ಹಾಗಿಲ್ಲ. ಈ ಊರಲ್ಲಿ ಟಿಕೆಟ್ ಹರಿಯೋ ಕೈ ಮಷೀನು, ಅಂಗಡಿ ಕೌಂಟರಿನ ಬಿಲ್ಲಿಂಗ್ ಮಷೀನು, ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಡಬ್ಬ, ಟೋಕನ್ ಕೊಡೋ ಕಿಯಾಸ್ಕು ಇಂಥವನ್ನೆಲ್ಲ ಸಾವಿರಗಟ್ಲೆ ಕೊಳ್ಳೋಕೆ ಟೆಂಡರ್ ಬರೆಯೋ ಸಾಹೇಬ್ರು ಒಬ್ರು. ಅದೇ ಡಬ್ಬಗಳನ್ನ ಮಾಡಿ ಮಾರೋ ಕಂಪನಿಗಳಲ್ಲಿ ಕೂತ್ಕೊಂಡು ಬಗ್ ಲಿಸ್ಟ್ (ಸಾಫ್ಟ್‌ವೇರಿನ ತಪ್ಪುಗಳ ಪಟ್ಟಿ, ಅದ್ರಲ್ಲಿ ಒಂದೊಂದು ದೂರಿಗೂ ಟಿಕೆಟ್ ಅಂತಾರೆ) ನೋಡಿ ಇದು ಲೋ, ಇದು ಮೀಡಿಯಮ್ಮು, ಇದನ್ನ ಕ್ಲೋಸ್ ಮಾಡಿ ಅನ್ನೋ ಮ್ಯಾನೇಜರು ಇನ್ನೊಬ್ರು. ನೀವಿಬ್ರೂ ಒಬ್ಬರ ಮುಖ ಒಬ್ರು ನೋಡಿರಲ್ಲ, ಆದ್ರೆ ನಾನು ಹೇಳೋ ವಿಷ್ಯ, ಅಂದ್ರೆ ಈ ಡಬ್ಬಗಳಿಂದ ಜನರ ಮಾಹಿತಿ ಸದ್ದಿಲ್ಲದೇ ಸೋರೋದು, ನಿಮ್ಮಿಬ್ಬರ ಮಧ್ಯದ ಸಂದಿಯಲ್ಲೇ ಬಿದ್ಕೊಂಡಿದೆ, ಅದಕ್ಕೇ ಒಂದೇ ಕಾಗದದಲ್ಲಿ ಇಬ್ಬರಿಗೂ ಬರೀತಿದೀನಿ.

ನನ್ನ ಕೆಲಸ ಏನಪ್ಪಾ ಅಂದ್ರೆ ಹೊಸ ಸರ್ಕ್ಯೂಟ್ ಬೋರ್ಡ್ ಬಂದಾಗ ಅದ್ರಲ್ಲಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಎಬ್ಬಿಸೋದು. ಚಿಪ್ ಕಂಪನಿಯವರು ಒಂದು ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ಕೊಡ್ತಾರೆ, ಅದ್ರ ಮೇಲೆ ಡಿಸ್ಪ್ಲೇ, ಪ್ರಿಂಟರ್, ಸಿಮ್ಮು, ಬ್ಯಾಟರಿ ಎಲ್ಲದರ ಡ್ರೈವರ್ (ಆ ಭಾಗನ ನಡೆಸೋ ಕೋಡು) ಕೂರಿಸ್ಬೇಕು, ಎಸ್‌ಪಿ ರೋಡಿಂದ ತಂದ ಸೀರಿಯಲ್ ಕೇಬಲ್ ಚುಚ್ಕೊಂಡು ರಾತ್ರಿಯೆಲ್ಲ ಬೂಟ್ ಲಾಗ್ ನೋಡ್ತಾ ಕೂರ್ಬೇಕು. ಹದಿನಾಲ್ಕು ವರ್ಷದಿಂದ ಇದೇ ಮಾಡ್ತಿದೀನಿ. ಮನೇಲಿ ಇವತ್ತಿಗೂ ಕಂಪ್ಯೂಟರ್ ರಿಪೇರಿ ಅಂತಾನೇ ಅನ್ಕೊಂಡಿದಾರೆ, ಪೂರ್ತಿ ತಪ್ಪೂ ಅಲ್ಲ.

ಕೆಲವು ವರ್ಷದ ಹಿಂದೆ ಒಂದು ಕೈ ಮಷೀನಿನ ಕೆಲಸ ಬಂತು. ಯಾವ ಕಂಪನಿ ಅಂತ ಹೇಳಲ್ಲ, ಹೇಳಿ ಪ್ರಯೋಜ್ನನೂ ಇಲ್ಲ, ಯಾಕಂದ್ರೆ ಇಂಥದ್ದು ಅವರೊಬ್ಬರ ಮನೇಲೇ ಆಗಿರೋದಲ್ಲ. ಆ ಮಷೀನಲ್ಲಿ ಒಂದು ಸಣ್ಣ ಥರ್ಮಲ್ ಪ್ರಿಂಟರ್ ಇತ್ತು, ಅದರ ಡ್ರೈವರು ಎಲ್ಲಿಂದಲೋ ತಂದು ಕೂರಿಸಿದ್ದು. ಮೇಲಿನ ಆಪ್ ಎರಡು ಸೆಕೆಂಡಿಗೊಂದ್ಸಲ ಕರ್ನಲ್ಲಿಗೆ ಕೇಳುತ್ತೆ, ಪೇಪರ್ ಇದ್ಯಾ, ಹೆಡ್ ಬಿಸಿ ಎಷ್ಟಿದೆ, ವೋಲ್ಟೇಜ್ ಎಷ್ಟು ಅಂತ. ಕರ್ನಲ್ಲು ಮೆಮೊರೀಲಿ 128 ಬೈಟಿನ (ಒಂದು ಬೈಟು ಅಂದ್ರೆ ಒಂದು ಇಂಗ್ಲಿಷ್ ಅಕ್ಷರ ಹಿಡಿಸೋ ಜಾಗ) ಒಂದು ಜಾಗ ತಗೊಂಡು ಅದ್ರಲ್ಲಿ ಈ ಉತ್ತರ ಬರೆದು, ಇಡೀ 128 ಬೈಟನ್ನೂ ಎತ್ತಿ ಆಪ್ ಕೈಗೆ ಕೊಡುತ್ತೆ. ಉತ್ತರ ಇರೋದು 20 ಬೈಟು. ಮಿಕ್ಕ 108 ಬೈಟು ಮುಂದೆ ಬೇಕಾದೀತು ಅಂತ ಯಾರೋ ಪುಣ್ಯಾತ್ಮ ರಿಸರ್ವ್ಡ್ ಅಂತ ಹೆಸರಿಟ್ಟು ಬಿಟ್ಟಿದ್ದ ಖಾಲಿ ಜಾಗ. ಖಾಲಿ ಅಂತ ಅವನು ಅಂದ್ಕೊಂಡಿದ್ದ ಅಷ್ಟೇ.

ಬೇರೆ ಏನೋ ಹುಡುಕ್ತಾ ಒಂದಿನ ಆ 128 ಬೈಟು ಡಂಪ್ ಮಾಡಿ, ಅಂದ್ರೆ ಇದ್ದ ಹಾಗೇ ಸ್ಕ್ರೀನಿಗೆ ಸುರಿದು, ನೋಡಿದೆ. ಸೊನ್ನೆಗಳು ಇರ್ಬೇಕಿತ್ತು. ಇದ್ದಿದ್ದು ಏನು, ತಿರುವುಮುರುವಾಗಿ ಬರೆದ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ 80 ಅನ್ನೋ ನಂಬರ್‌ಗಳು, ನಮ್ಮಂಥವರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ ಅದು ಕರ್ನಲ್ ಒಳಗಿನ ಅಡ್ರೆಸ್ಸು ಅಂತ. ಮತ್ತೆರಡು ಸಲ ಡಂಪ್ ಮಾಡಿದೆ, ಆಗ ಬಂತು ನೋಡಿ, ನಾನೇ ಹತ್ತು ನಿಮಿಷದ ಹಿಂದೆ ಟೆಸ್ಟಿಗೆ ಅಂತ ಪ್ರಿಂಟ್ ಮಾಡಿದ್ದ ಬಿಲ್ಲಿನ ಒಂದು ಸಾಲು, ನನ್ನ ಹೆಸ್ರು, ಪಕ್ಕದಲ್ಲಿ ನನ್ನ ಮೊಬೈಲ್ ನಂಬರಿನ ಮೊದಲ ಆರು ಅಂಕಿ. ಪೇಪರ್ ಇದ್ಯಾ ಅಂತ ಕೇಳಿದ್ರೆ ಹಿಂದಿನ ಗಿರಾಕಿ ಯಾರು ಅಂತ ಹೇಳೋ ಮಷೀನು.

ಮಾರನೇ ದಿನ ಮೀಟಿಂಗಲ್ಲಿ ತೋರಿಸಿದೆ. ಮ್ಯಾನೇಜರ್ ಒಳ್ಳೇ ಮನುಷ್ಯನೇ, ಸ್ಕ್ರೀನ್ ನೋಡಿದ್ರು, ಟೀ ಕುಡಿದ್ರು, ಆಮೇಲೆ ಒಂದು ಮಾತು ಹೇಳಿದ್ರು, ಅದನ್ನ ಇವತ್ತಿಗೂ ಮರೆಯೋಕಾಗಿಲ್ಲ: "ಮೆಮೊರಿ ಲೀಕ್ ತಾನೇ? ರಾತ್ರಿ ಹನ್ನೆರಡಕ್ಕೆ ಆಟೋ ರೀಬೂಟ್ ಹಾಕಿದೀವಲ್ಲ, ಅದ್ರಲ್ಲೇ ಸರಿ ಹೋಗುತ್ತೆ ಬಿಡ್ರಿ."

ಸ್ವಾಮಿ, ಇದೊಂದು ಗೊಂದಲ ಬಗೆಹರಿಸಿ ಮುಂದೆ ಹೋಗೋಣ, ಯಾಕಂದ್ರೆ ಅರ್ಧ ಟಿಕೆಟ್ ಕ್ಲೋಸ್ ಆಗೋದೇ ಈ ಲೀಕ್ ಅನ್ನೋ ಪದದ ದೆಸೆಯಿಂದ. ಮೆಮೊರಿ ಲೀಕ್ ಅಂದ್ರೆ ಪ್ರೋಗ್ರಾಮು ಜಾಗ ತಗೊಂಡು ವಾಪಸ್ ಕೊಡದೇ ಇರೋದು, ಸಾಲ ತಗೊಂಡು ತೀರಿಸ್ದೇ ಇರೋ ಥರ, ಮಷೀನು ನಿಧಾನ ಆಗ್ತಾ ಆಗ್ತಾ ಒಂದಿನ ಮಲಗುತ್ತೆ, ರೀಬೂಟ್ ಮಾಡಿದ್ರೆ ಸಾಲ ಮನ್ನಾ. ನಾನು ತೋರಿಸಿದ್ದು ಇನ್ನೊಂದು ಜಾತಿ. ಇಲ್ಲಿ ಜಾಗ ಸರಿಯಾಗಿ ವಾಪಸ್ ಕೊಟ್ಟಿದಾರೆ, ಆದ್ರೆ ಒರೆಸದೇ ಕೊಟ್ಟಿದಾರೆ, ಮುಂದಿನವರು ಒರೆಸದೇ ತಗೊಂಡು ಅದೇ ಜಾಗನ ಹೊರಗಿನವರ ಕೈಗೆ ದಾಟಿಸಿದಾರೆ. ಇದಕ್ಕೆ ಮೆಮೊರಿ ಡಿಸ್ಕ್ಲೋಷರ್ ಅಂತಾರೆ, ಇನ್ಫೋಲೀಕ್ ಅಂತಲೂ ಅಂತಾರೆ. ರೀಬೂಟ್ ಮಾಡಿದ ಐದೇ ನಿಮಿಷಕ್ಕೆ ಮತ್ತೆ ಹೊಸ ಮಾಹಿತಿ ಸೋರೋಕೆ ಶುರು, ಯಾಕಂದ್ರೆ ಸೋರ್ತಿರೋದು ಜಾಗ ಅಲ್ಲ, ಜಾಗದಲ್ಲಿ ಬರೆದಿದ್ದು.

ಕಾರ್ತಿಕದ ಕೊನೇ ಸೋಮವಾರ ಬಸವನಗುಡೀಲಿ ಕಡಲೆಕಾಯಿ ಪರಿಷೆ ಆಗುತ್ತಲ್ಲ, ಅಲ್ಲಿ ನಾನು ಚಿಕ್ಕವನಿದ್ದಾಗ ಪೊಟ್ಟಣ ಕಟ್ಟಿ ಕೊಡೋರು. ಕಡಲೆಕಾಯಿ ಖಾಲಿ ಆದ್ಮೇಲೆ ಆ ಪೊಟ್ಟಣ ಬಿಚ್ಚಿ ಓದೋದು ನಮಗೊಂದು ಆಟ. ಯಾರದೋ ಏಳನೇ ಕ್ಲಾಸಿನ ಗಣಿತದ ಉತ್ತರ ಪತ್ರಿಕೆ, ಯಾರದೋ ಶುಗರ್ ರಿಪೋರ್ಟು, ಒಂದ್ಸಲ ಯಾರೋ ಯಾರಿಗೋ ಬರೆದ ಸಾಲದ ಚೀಟಿ. ಮಾರೋನದ್ದು ಏನೂ ತಪ್ಪಿಲ್ಲ ಅಂತ ಅವನ ಲೆಕ್ಕ, ಕಾಲು ಸೇರು ಕೇಳಿದ್ರು, ಕಾಲು ಸೇರು ಕೊಟ್ಟೆ. ಕರ್ನಲ್ಲೂ ಅದನ್ನೇ ಹೇಳುತ್ತೆ, ಕೇಳಿದ 20 ಬೈಟ್ ಕೊಟ್ಟಿದೀನಲ್ಲ ಅಂತ. ಆದ್ರೆ ಕಟ್ಟಿ ಕೊಟ್ಟ ಕಾಗದ ಯಾರದ್ದು? ಆ ಆಪರೇಟಿಂಗ್ ಸಿಸ್ಟಮಲ್ಲಿ ಓಡೋ ಎಲ್ಲರ ಪಾಸ್ವರ್ಡು, ಎಲ್ಲರ ಫೈಲು, ಎಲ್ಲರ ಕೀಲಿ ಹಾದು ಹೋಗೋದು ಕರ್ನಲ್ ಮೂಲಕಾನೇ, ಹಾಗಾಗಿ ಅದರ ರದ್ದಿ ಕಾಗದ ಬೇರೆಯವರ ರದ್ದಿ ಥರ ಅಲ್ಲ.

ಮತ್ತೆ ಇದು ಸೋಮಾರಿ ಕೋಡ್ ಬರೆಯೋರಿಗೆ ಮಾತ್ರ ಆಗೋದು ಅಂತ ಅನ್ಕೋಬೇಡಿ. ಕರ್ನಲ್ ಬರೆಯೋ ಸಿ ಭಾಷೇಲಿ ಸ್ಟ್ರಕ್ಟ್ ಅಂತ ಇದೆ, ಹಲವು ಮಾಹಿತಿ ಒಟ್ಟಿಗೆ ಇಡೋ ಫಾರ್ಮ್ ಥರ, ಅದ್ರಲ್ಲಿ ಒಂದು ಬೈಟಿನ ಒಂದು ಕಾಲಂ, ಅದಾದ್ಮೇಲೆ ಎಂಟು ಬೈಟಿನ ಇನ್ನೊಂದು ಕಾಲಂ ಇಟ್ರಿ ಅನ್ಕೊಳ್ಳಿ, ಒಟ್ಟು ಒಂಬತ್ತು ಆಗ್ಬೇಕು ಅಲ್ವಾ, 64 ಬಿಟ್ ಮಷೀನಲ್ಲಿ ಆಗೋದು ಹದಿನಾರು. ಎಂಟು ಬೈಟಿನದ್ದು ಎಂಟರ ಗುಣಕದ ಜಾಗದಲ್ಲೇ ಕೂರ್ಬೇಕು ಅಂತ, ಕೋಡನ್ನ ಮಷೀನ್ ಭಾಷೆಗೆ ತಿರುಗಿಸೋ ಕಂಪೈಲರ್ ಮಧ್ಯೆ ಏಳು ಬೈಟು ಸುಮ್ನೆ ಬಿಟ್ಟಿರುತ್ತೆ. ನೀವು ಎರಡೂ ಕಾಲಂ ನೀಟಾಗಿ ತುಂಬಿಸಿರ್ತೀರಾ, ರಿವ್ಯೂ ಮಾಡೋರೂ ಎಲ್ಲಾ ತುಂಬಿದೆ ಅಂತ ಸೈನ್ ಹಾಕಿರ್ತಾರೆ, ಆ ಏಳು ಬೈಟಿಗೆ ಹೆಸರೇ ಇಲ್ಲ, ಹೆಸರಿಲ್ಲದ್ದು ಯಾರ ಕಣ್ಣಿಗೂ ಬೀಳಲ್ಲ, ಅದು ಹಳೇ ಕೊಳೆ ಹೊತ್ಕೊಂಡು ಆರಾಮಾಗಿ ಹೊರಗೆ ಹೋಗುತ್ತೆ. ಸ್ಟ್ರಕ್ಟಿಗೆ ಶುರುವಲ್ಲೇ ಬ್ರಾಕೆಟ್ ಹಾಕಿ ಸೊನ್ನೆ ಕೊಟ್ಟಿದೀನಿ ಅಂತ ಬುದ್ಧಿವಂತರು ಹೇಳ್ತಾರೆ, ಆದ್ರೆ ಹಾಗೆ ಬರೆದ್ರೆ ಆ ಸಂದಿಗಳೂ ಸೊನ್ನೆ ಆಗ್ಲೇಬೇಕು ಅಂತ ಸಿ ಸ್ಟ್ಯಾಂಡರ್ಡು ಎಲ್ಲಾ ಸಂದರ್ಭದಲ್ಲೂ ಗ್ಯಾರಂಟಿ ಕೊಟ್ಟಿರಲಿಲ್ಲ. ಮೆಮ್‌ಸೆಟ್ ಅನ್ನೋ ಫಂಕ್ಷನ್ ಹಾಕಿ ಇಡೀ ಜಾಗ ಗುಡಿಸೋದೇ ನೆಟ್ಟಗಿನ ದಾರಿ.

ಗೂಗಲ್‌ನ ಬಗ್ ಹುಡುಕೋ ತಂಡ ಪ್ರಾಜೆಕ್ಟ್ ಝೀರೋದ ಮಾತೇಯುಶ್ ಯುರ್ಚಿಕ್ ಅನ್ನೋರು ಇದನ್ನೇ ಹಿಡಿಯೋಕೆ ಒಂದು ಟೂಲ್ ಮಾಡಿದ್ರು, ಇಡೀ ಕಂಪ್ಯೂಟರನ್ನ ಎಮ್ಯುಲೇಟರ್ (ಕಂಪ್ಯೂಟರಿನ ನಕಲು ಮಾಡೋ ಪ್ರೋಗ್ರಾಮು) ಒಳಗೆ ಓಡಿಸಿ, ಒರೆಸದ ಪ್ರತಿ ಬೈಟಿಗೂ ಬಣ್ಣ ಬಳಿದು, ಯಾವ ಬಣ್ಣದ ಬೈಟು ಕರ್ನಲ್ ಗಡಿ ದಾಟಿ ಹೊರಗೆ ಬಂತು ಅಂತ ನೋಡೋದು. 2018ರಲ್ಲಿ ಅವರು ಬರೆದ ಪೇಪರ್ ಪ್ರಕಾರ ವಿಂಡೋಸ್ ಕರ್ನಲ್ ಒಂದರಲ್ಲೇ 70ಕ್ಕೂ ಹೆಚ್ಚು ಸಿಕ್ವು, ಲಿನಕ್ಸಲ್ಲಿ ಹತ್ತಕ್ಕೂ ಹೆಚ್ಚು. ಪ್ರಪಂಚದ ದೊಡ್ಡ ದೊಡ್ಡ ತಲೆಗಳು ಇಪ್ಪತ್ತು ಮೂವತ್ತು ವರ್ಷ ನೋಡಿದ ಕೋಡ್ ಸ್ವಾಮಿ ಅದು. ಇನ್ನು ನಮ್ಮ ಪ್ರಿಂಟರ್ ಡ್ರೈವರ್ ಯಾವ ಲೆಕ್ಕ, ಅದನ್ನ ಬರೆದೋನು ಬಿಟ್ಟು ಓದಿರೋನು ನಾನೊಬ್ನೇ.

ಸರಿ, ನಾಲ್ಕು ಬೈಟ್ ಸೋರಿದ್ರೆ ಏನು ಮಹಾ ಅಂತೀರಾ. ಅಲ್ಲಿಗೇ ಬರ್ತಿದೀನಿ.

ಕರ್ನಲ್ ಒಳಗೆ ಏನೇನು ಎಲ್ಲೆಲ್ಲಿದೆ ಅಂತ ಕಳ್ಳನಿಗೆ ಗೊತ್ತಾಗ್ಬಾರ್ದು ಅಂತ ಪ್ರತಿ ಬೂಟಲ್ಲೂ ಇಡೀ ಕರ್ನಲ್ಲನ್ನ ಬೇರೆ ಬೇರೆ ಅಡ್ರೆಸ್ಸಲ್ಲಿ ಇಳಿಸ್ತಾರೆ, ಕೆಎಎಸ್‌ಎಲ್‌ಆರ್ ಅಂತ ಅದರ ಹೆಸ್ರು, ಲಿನಕ್ಸಿಗೆ 2014ರಲ್ಲಿ 3.14 ವರ್ಷನ್ನಲ್ಲಿ ಬಂತು. ನಮ್ಮೂರಲ್ಲಿ ಅಡ್ರೆಸ್ ಹುಡುಕೋ ಕಷ್ಟ ಎಲ್ಲರಿಗೂ ಗೊತ್ತು, 4ನೇ ಮೇನ್ ಪಕ್ಕ 11ನೇ ಮೇನ್ ಇರುತ್ತೆ, ಟಿ ಬ್ಲಾಕ್ ಯಾಕೆ ಅಲ್ಲಿದೆ ಅಂತ ಅಲ್ಲಿರೋರಿಗೇ ಗೊತ್ತಿಲ್ಲ, ಹಂಗೆ ಕಳ್ಳ ಕನ್ಫ್ಯೂಸ್ ಆಗ್ಲಿ ಅಂತ. ಆದ್ರೆ ಇದ್ರಲ್ಲೊಂದು ವೀಕ್‌ನೆಸ್ ಇದೆ. ಕರ್ನಲ್ಲು ಸರಿಯೋದು ಒಟ್ಟಿಗೆ, ಇಡೀ ಬಡಾವಣೆಯನ್ನೇ ಎತ್ತಿ ಬೇರೆ ಕಡೆ ಇಟ್ಟ ಹಾಗೆ, ಒಳಗಿನ ಮನೆ ಮನೆ ನಡುವಿನ ದೂರ ಬದಲಾಗಲ್ಲ. 64 ಬಿಟ್ ಇಂಟೆಲ್ ಮಷೀನಲ್ಲಿ 1 ಜಿಬಿ ಜಾಗದಲ್ಲಿ 2 ಎಂಬಿ ಹೆಜ್ಜೆ ಇಟ್ಕೊಂಡು ಸರಿಸ್ತಾರೆ, ಲೆಕ್ಕ ಹಾಕಿದ್ರೆ 512 ಜಾಗ ಅಷ್ಟೇ. ಕರ್ನಲ್ ಕೋಡಿನ ಒಂದೇ ಒಂದು ಅಡ್ರೆಸ್ ಕೈಗೆ ಸಿಕ್ರೆ ಮಿಕ್ಕಿದ್ದೆಲ್ಲ ಕೂಡಿಸೋ ಕಳೆಯೋ ಲೆಕ್ಕ. ನಾನು ಡಂಪಲ್ಲಿ ನೋಡಿದ ಆ ಎಫ್‌ಎಫ್ ಎಫ್‌ಎಫ್ ನಂಬರು ಇಂಥದ್ದೇ.

ಅಂದ್ರೆ ಇನ್ಫೋಲೀಕ್ ಒಂದೇ ಬಂದು ಮನೆ ದೋಚಲ್ಲ, ದೋಚೋನಿಗೆ ದಾರಿ ಹೇಳುತ್ತೆ. ನಿಮಗೊಂದು ಉದಾಹರಣೆ ಕೊಡ್ತೀನಿ, ಕಟ್ಟುಕತೆ ಅಲ್ಲ. 2020ರ ಅಕ್ಟೋಬರಲ್ಲಿ ಗೂಗಲ್‌ನ ಆಂಡಿ ನ್ಗುಯೆನ್ ಅನ್ನೋರು ಲಿನಕ್ಸ್ ಬ್ಲೂಟೂತಲ್ಲಿ ಮೂರು ಬಗ್ ತೋರಿಸಿದ್ರು, ಬ್ಲೀಡಿಂಗ್‌ಟೂತ್ ಅಂತ ಹೆಸರಿಟ್ರು. ಅದ್ರಲ್ಲಿ ಬ್ಯಾಡ್‌ಚಾಯ್ಸ್ ಅಂತ ಒಂದು, ಅದರ ಸಿವಿಇ (ಗೊತ್ತಾದ ಬಗ್ಗುಗಳಿಗೆ ಕೊಡೋ ಗುರುತಿನ ನಂಬರ್) 2020-12352, ಸೇಮ್ ಟು ಸೇಮ್ ನಮ್ಮ ಪ್ರಿಂಟರ್ ಕತೆ: ಉತ್ತರ ಕಳಿಸೋ ಸ್ಟ್ರಕ್ಟನ್ನ ಪೂರ್ತಿ ತುಂಬದೇ ಕಳಿಸಿದ್ರು, ಕರ್ನಲ್ ಸ್ಟ್ಯಾಕಿನ (ಫಂಕ್ಷನ್ ಓಡುವಾಗ ಬಳಸೋ ತಾತ್ಕಾಲಿಕ ಜಾಗ) ತುಣುಕು ಗಾಳೀಲಿ ಹೊರಗೆ ಬಂತು. ಅದಕ್ಕೆ ಸಿಕ್ಕಿದ ದರ್ಜೆ ಮೀಡಿಯಮ್ಮು. ಇನ್ನೊಂದು ಬ್ಯಾಡ್‌ಕರ್ಮ ಅಂತ, ಅದು ಹೈ. ಆದ್ರೆ ಆ ಹೈ ಬಗ್ಗಿಗೆ ಕರ್ನಲ್ ಒಳಗೆ ಎಲ್ಲಿಗೆ ಹಾರ್ಬೇಕು ಅನ್ನೋ ಅಡ್ರೆಸ್ ಬೇಕಲ್ಲ, ಅದನ್ನ ಕೊಟ್ಟಿದ್ದು ಈ ಮೀಡಿಯಮ್ಮೇ. ಎರಡೂ ಸೇರಿಸಿ ಉಬುಂಟು 20.04.1 ಓಡ್ತಿರೋ ಲ್ಯಾಪ್‌ಟಾಪನ್ನ, ಅದರ ಓನರ್ ಏನೂ ಒತ್ತದೇ, ಪೇರಿಂಗ್ ಮಾಡದೇ, ಬ್ಲೂಟೂತ್ ದೂರದಿಂದಲೇ ಕೈಗೆ ತಗೊಂಡು ತೋರಿಸಿದ್ರು. ಸಿಲ್ಕ್ ಬೋರ್ಡಲ್ಲಿ ಸಂಜೆ ಆರು ಗಂಟೆಗೆ ಬಸ್ಸಲ್ಲಿ ನಿಂತ್ಕೊಂಡು ಯೋಚನೆ ಮಾಡಿ, ಹತ್ತು ಮೀಟರ್ ಒಳಗೆ ಎಷ್ಟು ಜನ, ಎಷ್ಟು ಹೊತ್ತು ಅಲ್ಲೇ ಇರ್ತಾರೆ. ಆ ಬ್ಯಾಡ್‌ಚಾಯ್ಸಿಗೆ ಹಾಕಿದ ರಿಪೇರಿ? ಮೆಮ್‌ಸೆಟ್.

ಇದಕ್ಕಿಂತ ನನಗೆ ಇಷ್ಟವಾದ, ಇಷ್ಟ ಅಂದ್ರೆ ತಪ್ಪಾಗುತ್ತೆ, ತಲೇಲಿ ಕೂತಿರೋ ಕೇಸು 2005ರದ್ದು. ಲಿನಕ್ಸಲ್ಲಿ ಎಕ್ಸ್‌ಟಿ2 ಅನ್ನೋ ಫೈಲ್ ಸಿಸ್ಟಮ್. ಅದ್ರಲ್ಲಿ ಹೊಸ ಫೋಲ್ಡರ್ ಮಾಡಿದ್ರೆ ಡಿಸ್ಕಲ್ಲಿ 4096 ಬೈಟಿನ ಒಂದು ಬ್ಲಾಕ್ ತಗೊಳ್ತಾ ಇತ್ತು, ಹೊಸ ಫೋಲ್ಡರಲ್ಲಿ ಇರೋದು ಚುಕ್ಕಿ ಮತ್ತೆ ಎರಡು ಚುಕ್ಕಿ ಅನ್ನೋ ಎರಡು ಎಂಟ್ರಿ, 24 ಬೈಟು. ಮಿಕ್ಕ 4072 ಬೈಟು ಕರ್ನಲ್ ಮೆಮೊರೀಲಿ ಆ ಹೊತ್ತಿಗೆ ಏನಿತ್ತೋ ಅದೇ ಡಿಸ್ಕಿಗೆ ಹೋಗಿ ಅಂಟ್ಕೊಳ್ಳೋದು. ಕರ್ನಲ್ಲಿನ 2.6.11.6 ವರ್ಷನ್ನಲ್ಲಿ ಸರಿ ಮಾಡಿದ್ರು. ಆದ್ರೆ ಅಷ್ಟರೊಳಗೆ ಹಾಗೆ ಮಾಡಿದ ಫೋಲ್ಡರ್ ಇರೋ ಪೆನ್‌ಡ್ರೈವು, ಡಿಸ್ಕ್ ಇಮೇಜು ಯಾರ್ ಯಾರ ಕೈಗೆ ಹೋಗಿದ್ಯೋ, ಅದರೊಳಗಿನ ರದ್ದಿ ಕರ್ನಲ್ ಅಪ್ಡೇಟ್ ಮಾಡಿದ್ರೆ ಅಳಿಸಿ ಹೋಗಲ್ಲವಲ್ಲ. ರೀಬೂಟಂತೂ ದೂರದ ಮಾತು.

ಹದಿನಾಲ್ಕು ವರ್ಷ ಆದ್ಮೇಲೆ, 2019ರಲ್ಲಿ, ಅದರ ಮೊಮ್ಮಗ ಎಕ್ಸ್‌ಟಿ4ನಲ್ಲೂ ಹಂಗೇ ಒಂದು ಒರೆಸದ ಮೂಲೆ ಸಿಕ್ತು. ಬಿಡಿ.

ಈಗ ಮ್ಯಾನೇಜರ್ ಸಾಹೇಬ್ರಿಗೆ ಒಂದು ಮಾತು, ನಿಮ್ಮ ಶೀಟಿನ ನಂಬರ್ ಬಗ್ಗೆ. ಸಿವಿಎಸ್‌ಎಸ್ ಸ್ಕೋರು (ಬಗ್ ಎಷ್ಟು ಅಪಾಯ ಅಂತ ಹತ್ತಕ್ಕೆ ಕೊಡೋ ಅಂಕ) ಏಳು ದಾಟಿದ್ರೆ ಮಾತ್ರ ಈ ರಿಲೀಸಲ್ಲಿ ರಿಪೇರಿ, ಇಲ್ಲಾಂದ್ರೆ ಆಮೇಲೆ ನೋಡೋಣ ಅನ್ನೋ ಬ್ಯಾಕ್‌ಲಾಗು, ಇದು ನಮ್ಮೂರಲ್ಲಿ ಬಹಳ ಕಡೆ ನಡೆಯೋ ರೂಲು. ಕರ್ನಲ್ ಇನ್ಫೋಲೀಕು ಲೋಕಲ್ ಆಗಿದ್ರೆ, ಅಂದ್ರೆ ಮಷೀನ್ ಒಳಗಿಂದ ಮಾತ್ರ ಬಳಸೋಕಾಗೋದಾದ್ರೆ, ಅದರ ಸ್ಕೋರ್ ಹುಟ್ಟೋದೇ 3.3ಕ್ಕೋ 5.5ಕ್ಕೋ, ಅಂದ್ರೆ ಅದು ಯಾವ ಕಾಲಕ್ಕೂ ನಿಮ್ಮ ಏಳು ದಾಟಲ್ಲ, ಹುಟ್ಟುವಾಗ್ಲೇ ಬ್ಯಾಕ್‌ಲಾಗ್ ಮಗು. ಹಾಗಾದ್ರೆ ಕೇಳಿ. 2018ರ ಜನವರಿ 3ಕ್ಕೆ ಬಯಲಾದ ಮೆಲ್ಟ್‌ಡೌನ್ ನೆನಪಿದ್ಯಾ, ಯಾವ ಸಾಮಾನ್ಯ ಪ್ರೋಗ್ರಾಮು ಬೇಕಾದ್ರೂ ಅನುಮತಿ ನೋಡೋಕೆ ಮುಂಚೆನೇ ಕೆಲಸ ಶುರು ಮಾಡೋ ಪ್ರೊಸೆಸರಿನ ಆತುರ ಬಳಸ್ಕೊಂಡು ಇಡೀ ಕರ್ನಲ್ ಮೆಮೊರಿ ಓದ್ಬಹುದಿತ್ತು, ಆ ವಾರ ಮಾನ್ಯತಾದಿಂದ ಎಲೆಕ್ಟ್ರಾನಿಕ್ ಸಿಟಿವರೆಗೂ ನನಗೆ ಗೊತ್ತಿರೋ ಸರ್ವರ್ ನೋಡ್ಕೊಳ್ಳೋ ಹುಡುಗ್ರು ಯಾರೂ ಮನೆಗೆ ಹೋಗಲಿಲ್ಲ, ಲಿನಕ್ಸಿನವರು ಕರ್ನಲ್ ಪೇಜ್ ಟೇಬಲ್ಲನ್ನೇ (ಮೆಮೊರಿಯ ನಕ್ಷೆ) ಬೇರೆ ಮಾಡಿ ಇಡ್ಬೇಕಾಯ್ತು. ಅದರ ಸ್ಕೋರ್ 5.6. ಮೀಡಿಯಮ್. 2014ರ ಏಪ್ರಿಲಿನ ಹಾರ್ಟ್‌ಬ್ಲೀಡ್, ಅದು ಕರ್ನಲ್ ಅಲ್ಲ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ, ಆದ್ರೆ ಕುಲ ಒಂದೇ, ಒಂದೊಂದ್ ಸಲ ಕೇಳಿದ್ರೆ 64 ಕೆಬಿವರೆಗೂ ಸರ್ವರಿನ ಮೆಮೊರಿ ಕೊಡೋದು, ಪಾಸ್ವರ್ಡು ಪ್ರೈವೇಟ್ ಕೀ ಎಲ್ಲಾ. ಆಗಿನ ಅಳತೆಯಲ್ಲಿ ಅದಕ್ಕೆ ಸಿಕ್ಕಿದ್ದು 5.0. ಅದೂ ಮೀಡಿಯಮ್ಮೇ. ನಿಮ್ಮ ಶೀಟಿನ ರೂಲ್ ಪ್ರಕಾರ ಎರಡನ್ನೂ ಮುಂದಿನ ಕ್ವಾರ್ಟರಲ್ಲಿ ನೋಡೋಣ ಅಂತ ಬಿಡ್ಬೇಕಿತ್ತು.

ನನ್ನ ಬಗ್ ಏನಾಯ್ತು ಅಂತ ಹೇಳ್ಲಿಲ್ಲ. ರಿಪೇರಿ ಒಂದೇ ಅಕ್ಷರ, ನಿಜವಾಗ್ಲೂ ಒಂದೇ ಅಕ್ಷರ. ಕೆಮ್ಯಾಲಕ್ ಅನ್ನೋ ಫಂಕ್ಷನ್ ಒರೆಸದ ಜಾಗ ಕೊಡುತ್ತೆ, ಕೆಝಡ್ಯಾಲಕ್ ಅನ್ನೋದು ಸೊನ್ನೆ ಬಳಿದು ಕೊಡುತ್ತೆ, ಇಂಗ್ಲಿಷಲ್ಲಿ ಬರೆದ್ರೆ ಎಂ ಇದ್ದ ಕಡೆ ಝಡ್. ಬದಲಾಯಿಸಿದೆ, ರಿವ್ಯೂ ಆಯ್ತು, ಮುಂದಿನ ಮಾಡೆಲ್ಲಿನ ಕೋಡಿಗೆ ಸೇರ್ತು. ಈಗಾಗಲೇ ಮಾರಿದ ಮಷೀನುಗಳಿಗೆ? ಅದಕ್ಕೆ ಕೇಳಿ ಬಂದ ಉತ್ತರಗಳ ಪಟ್ಟಿ ಇದೆ. ಸಿಮ್ಮಲ್ಲಿ ಅಪ್ಡೇಟ್ ಕಳಿಸಿದ್ರೆ ಡೇಟಾ ಖರ್ಚು ಯಾರು ಕೊಡ್ತಾರೆ, ಮತ್ತೆ ಟೆಸ್ಟ್ ಸರ್ಟಿಫಿಕೇಟ್ ಮಾಡಿಸ್ಬೇಕಾಗುತ್ತೆ, ಮಧ್ಯದಲ್ಲಿ ಬ್ಯಾಟರಿ ಹೋದ್ರೆ ಮಷೀನ್ ಮತ್ತೆ ಆನ್ ಆಗದ ಇಟ್ಟಿಗೆ ಆಗುತ್ತೆ, ಎಲ್ಲಕ್ಕಿಂತ ದೊಡ್ಡದು, ಕಸ್ಟಮರ್ ಕೇಳಿಲ್ವಲ್ಲ. ಕೊನೇದು ಸುಳ್ಳಲ್ಲ ಸಾರ್. ಟೆಂಡರ್ ತರಿಸಿ ನೋಡಿದೆ. ಡಬ್ಬದ ತೂಕ ಎಷ್ಟಿರ್ಬೇಕು, ಎಷ್ಟು ಎತ್ತರದಿಂದ ಬಿದ್ರೂ ಒಡೀಬಾರ್ದು, ಬ್ಯಾಟರಿ ಎಷ್ಟು ಗಂಟೆ, ಪಟ್ಟಿ ಯಾವ ಬಣ್ಣ, ಕೊಳ್ಳೋರ ಲೋಗೋ ಎಷ್ಟು ಮಿಲಿಮೀಟರ್, ಎಲ್ಲಾ ಇದೆ. ಆಪರೇಟಿಂಗ್ ಸಿಸ್ಟಮ್ ಅನ್ನೋ ಸಾಲಿನ ಮುಂದೆ ಎರಡು ಪದ: ಲಿನಕ್ಸ್ ಬೇಸ್ಡ್.

ಆ ಲಿನಕ್ಸು 4.9 ವರ್ಷನ್ನು. ಚಿಪ್ಪಿನವರು ಕೊಟ್ಟಿದ್ದೇ ಅದು. 4.9ಕ್ಕೆ ಕರ್ನಲ್ ಬಳಗದವರು ಆರು ವರ್ಷ ಪುಕ್ಕಟೆ ಸೆಕ್ಯುರಿಟಿ ಫಿಕ್ಸ್ ಕೊಟ್ಟು 2023ರ ಜನವರಿಗೆ ನಿಲ್ಲಿಸಿದ್ರು. ಪುಕ್ಕಟೆ ಇದ್ದಾಗ್ಲೂ ತಗೊಂಡಿಲ್ಲ ಅನ್ನೋದು ಬೇರೆ ಮಾತು. 2019ರ 5.3ರಿಂದ ಈಚೆಗೆ ಇನಿಟ್ ಆನ್ ಅಲಾಕ್ ಅಂತ ಒಂದು ಸ್ವಿಚ್ ಇದೆ, ಅದನ್ನ ಹಾಕಿದ್ರೆ ಯಾರು ಒರೆಸಲಿ ಬಿಡಲಿ ಹೀಪಿಂದ (ಕೆಮ್ಯಾಲಕ್ ಜಾಗ ತರೋ ಗೋದಾಮು) ಕೊಡೋ ಪ್ರತಿ ಜಾಗನೂ ಕರ್ನಲ್ಲೇ ಸೊನ್ನೆ ಮಾಡಿ ಕೊಡುತ್ತೆ, ಸ್ಪೀಡಿಗೆ ಹೊಡೆತ ಬಹಳಷ್ಟು ಕೆಲಸಗಳಿಗೆ 1%ಗಿಂತ ಕಮ್ಮಿ ಅಂತ ಕರ್ನಲ್ ದಾಖಲೆಯಲ್ಲೇ ಬರೆದಿದೆ. ಸ್ಟ್ಯಾಕಿಗೂ ಇಂಥದ್ದೇ ಕಂಪೈಲರ್ ಆಪ್ಷನ್ ಬಂದಿದೆ. 2022ರ ಡಿಸೆಂಬರಿನ 6.1ರಲ್ಲಿ ಕೆಎಂಸ್ಯಾನ್ ಅಂತ ಈ ಜಾತಿ ಬಗ್ ಹಿಡಿಯೋ ಟೂಲೇ ಒಳಗೆ ಬಂತು. ಹೊಸ ಕರ್ನಲ್ ಇದ್ದು ಆ ಸ್ವಿಚ್ ಹಾಕಿದ್ದಿದ್ರೆ ನನ್ನ ಪ್ರಿಂಟರ್ ಡ್ರೈವರ್ ಅಷ್ಟು ಕೆಟ್ಟದಾಗಿದ್ರೂ ಆ 108 ಬೈಟಲ್ಲಿ ಸೊನ್ನೆನೇ ಇರ್ತಿತ್ತು, ನಾನು ಈ ಕಾಗದ ಬರೀತಾನೂ ಇರಲಿಲ್ಲ.

2024ರ ಫೆಬ್ರವರಿಯಿಂದ ಕರ್ನಲ್ ಬಳಗವೇ ಸಿವಿಇ ನಂಬರ್ ಕೊಡೋಕೆ ಶುರು ಮಾಡಿದೆ, ರಾಶಿ ರಾಶಿ ಬರುತ್ತೆ, ಯಾವುದನ್ನ ಅಂತ ಹಾಕೋಣ ಅಂತ ಕಂಪನಿಯವರು ಕೈ ಚೆಲ್ಲಿ ಕೂತಿದಾರೆ. ಆರಿಸೋಕೆ ಹೋಗ್ಬೇಡಿ, ರಿಪೇರಿಗಳನ್ನೆಲ್ಲ ಸೇರಿಸಿ ನಾವು ಬಿಡೋ ಸ್ಟೇಬಲ್ ಕರ್ನಲ್ ಇಡಿಯಾಗಿ ತಗೊಳ್ಳಿ ಅಂತ ಆ ಬಳಗದವರು ವರ್ಷಗಟ್ಲೆಯಿಂದ ಬಾಯಿ ಬಡ್ಕೊಳ್ತಿದಾರೆ. ನನಗೂ ಅದೇ ಸರಿ ಅನ್ಸುತ್ತೆ.

ಈಗ ಟೆಂಡರ್ ಸಾಹೇಬ್ರಿಗೆ. ಕಾನೂನು ಇಲ್ಲ ಅಂತ ನಾನು ಹೇಳಲ್ಲ, ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್ ಇನ್‌ನವರು 2022ರ ಏಪ್ರಿಲ್ 28ಕ್ಕೆ ಆದೇಶ ಕೊಟ್ರು, ಸೈಬರ್ ಘಟನೆ ಆದ್ರೆ ಗೊತ್ತಾದ 6 ಗಂಟೆ ಒಳಗೆ ತಿಳಿಸ್ಬೇಕು, 180 ದಿನದ ಲಾಗ್ ಇಟ್ಕೊಂಡಿರ್ಬೇಕು ಅಂತ. ಚೆನ್ನಾಗಿದೆ. ಆದ್ರೆ ಇನ್ಫೋಲೀಕಿಗೆ ಲಾಗಲ್ಲಿ ಏನ್ ಕಾಣುತ್ತೆ ಹೇಳಿ? ಆಪ್ ಪ್ರಿಂಟರ್ ಸ್ಟೇಟಸ್ ಕೇಳ್ತು, ಕರ್ನಲ್ ಸಕ್ಸಸ್ ಅಂತ ಉತ್ತರ ಕೊಡ್ತು. ಬೀಗ ಒಡೆದಿಲ್ಲ, ಅಲಾರಂ ಹೊಡೆದಿಲ್ಲ, ಮಷೀನ್ ಕ್ರ್ಯಾಶೂ ಆಗಿಲ್ಲ. ಗೊತ್ತೇ ಆಗದ ಕಳ್ಳತನಕ್ಕೆ 6 ಗಂಟೆ ಯಾವಾಗಿಂದ ಲೆಕ್ಕ ಹಾಕ್ತೀರಾ. 2023ರ ಡೇಟಾ ಪ್ರೊಟೆಕ್ಷನ್ ಆಕ್ಟಲ್ಲಿ ಸರಿಯಾದ ರಕ್ಷಣೆ ಇಡದೇ ಇದ್ರೆ 250 ಕೋಟಿವರೆಗೂ ದಂಡ ಅಂತ ಇದೆ, ನನ್ನ ಡಂಪಲ್ಲಿ ಕಂಡ ಅಂಗಡಿ ಬಿಲ್ಲಿನ ಸಾಲಿನಂಥದ್ರಲ್ಲಿರೋ ಹೆಸರು ನಂಬರು ಪಕ್ಕಾ ಅದರೊಳಗೇ ಬರುತ್ತೆ. ಮುಂದೊಂದಿನ ಜಗಳ ಆದಾಗ ಮಷೀನ್ ಮಾಡಿದೋರು ಟೆಂಡರ್ ತೆಗೆದು ತೋರಿಸ್ತಾರೆ, ಇದ್ರಲ್ಲಿ ಅಪ್ಡೇಟ್ ಕೊಡಿ ಅಂತ ಎಲ್ಲಿದೆ ಸ್ವಾಮಿ ಅಂತ. ಆಗ ನೀವು ಲೋಗೋದ ಮಿಲಿಮೀಟರ್ ತೋರಿಸ್ತೀರಾ?

ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಯುರೋಪಲ್ಲಿ ಸೈಬರ್ ರೆಸಿಲಿಯನ್ಸ್ ಆಕ್ಟ್ ಅಂತ ತಂದಿದಾರೆ, 2024ರ ಡಿಸೆಂಬರ್ 10ಕ್ಕೆ ಜಾರಿಗೆ ಬಂತು, ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ. ಸಾಫ್ಟ್‌ವೇರ್ ಇರೋ ವಸ್ತು ಅಲ್ಲಿ ಮಾರ್ಬೇಕಾದ್ರೆ ಸಾಮಾನ್ಯವಾಗಿ ಕಮ್ಮಿ ಅಂದ್ರೂ ಐದು ವರ್ಷ ಸೆಕ್ಯುರಿಟಿ ರಿಪೇರಿ ಕೊಡ್ಬೇಕು, ಮುಖ್ಯ ನಿಯಮ ಮುರಿದ್ರೆ ದಂಡ 1.5 ಕೋಟಿ ಯೂರೋ ಅಥವಾ ಜಗತ್ತಿನಾದ್ಯಂತದ ವಹಿವಾಟಿನ 2.5%, ಯಾವುದು ಜಾಸ್ತಿಯೋ ಅದರವರೆಗೂ. ಈ ಊರಲ್ಲಿ ನನ್ನಂಥ ಹುಡುಗ್ರು ಈಗಲೇ ಅದಕ್ಕೆ ತಯಾರಿ ಮಾಡ್ತಿದಾರೆ, ಅಪ್ಡೇಟ್ ಸರ್ವರು, ಹಳೇ ಹೊಸ ಸಾಫ್ಟ್‌ವೇರಿಗೆ ಒಂದೊಂದರಂತೆ ಎರಡು ಪಾರ್ಟಿಷನ್ನು, ಬ್ಯಾಟರಿ ಹೋದ್ರೆ ಹಳೇದಕ್ಕೇ ವಾಪಸ್ ಬರೋ ವ್ಯವಸ್ಥೆ, ಎಲ್ಲಾ. ಅಂದ್ರೆ ಮೇಲೆ ಹೇಳಿದ ಇಟ್ಟಿಗೆ ಆಗುತ್ತೆ ಅನ್ನೋ ನೆಪಕ್ಕೆ ಉತ್ತರ ಇದೆ, ಇಲ್ಲೇ, ಬೆಂಗಳೂರಲ್ಲೇ ಬರೆದಿರೋ ಕೋಡು. ಒಂದೇ ಬಿಲ್ಡಿಂಗಿನ ಮೂರನೇ ಮಹಡೀಲಿ ಜರ್ಮನಿಗೆ ಹೋಗೋ ಡಬ್ಬಕ್ಕೆ ಐದು ವರ್ಷದ ಅಪ್ಡೇಟ್, ಎರಡನೇ ಮಹಡೀಲಿ ಗಾಂಧಿಬಜಾರಿಗೆ ಬರೋ ಡಬ್ಬಕ್ಕೆ ರಾತ್ರಿ ಹನ್ನೆರಡರ ರೀಬೂಟು. ಅಲ್ಲಿಯವರು ಕೇಳಿದ್ರು, ಸಿಕ್ತು.

ಇನ್ನೊಂದು ಸಣ್ಣ ವಿಷ್ಯ, ಆದ್ರೆ ಬಿಡೋಕಾಗಲ್ಲ. ಇಂಥ ಬಗ್ ಹೊರಗಿನ ಕಾಲೇಜು ಹುಡುಗಿ ಒಬ್ಬಳಿಗೆ ಸಿಕ್ಕಿದ್ರೆ ಅವಳು ಯಾರಿಗೆ ಹೇಳ್ಬೇಕು? ಮಷೀನಿನ ಹಿಂದೆ ಕಸ್ಟಮರ್ ಕೇರ್ ನಂಬರ್ ಇರುತ್ತೆ, ಅವರು ಪೇಪರ್ ರೋಲ್ ಸರಿಯಾಗಿ ಹಾಕಿದೀರಾ ಮೇಡಮ್ ಅಂತ ಕೇಳ್ತಾರೆ. ಐಟಿ ಆಕ್ಟಿನ 43 ಮತ್ತೆ 66 ಓದಿದ್ರೆ, ಓನರ್ ಪರ್ಮಿಷನ್ ಇಲ್ದೆ ಕಂಪ್ಯೂಟರಿಂದ ಡೇಟಾ ತೆಗೆದ್ರೆ, ಅದೂ ಅಪ್ರಾಮಾಣಿಕ ಉದ್ದೇಶದಿಂದ ಆದ್ರೆ, ಮೂರು ವರ್ಷದವರೆಗೂ ಜೈಲು ಅಥವಾ 5 ಲಕ್ಷದವರೆಗೂ ದಂಡ, ಇಲ್ಲಾ ಎರಡೂ. ಉದ್ದೇಶ ಕೆಟ್ಟದಿರ್ಬೇಕು ಅಂತ ಬರೆದಿದೆ, ಒಪ್ಕೊಂಡೆ, ಆದ್ರೆ ನನ್ನ ಉದ್ದೇಶ ಒಳ್ಳೇದು ಸಾರ್ ಅಂತ ಸ್ಟೇಷನ್ ಬೆಂಚಲ್ಲಿ ಕೂತು ಹೇಳೋ ಧೈರ್ಯ ಇಪ್ಪತ್ತು ವರ್ಷದ ಎಷ್ಟು ಮಕ್ಕಳಿಗಿರುತ್ತೆ. ಸರ್ಟ್ ಇನ್‌ಗೆ ಬರೀಬಹುದು, ಅವರು ಇಂಥದ್ದನ್ನ ತಗೊಂಡು ಕಂಪನಿ ಜೊತೆ ಮಾತಾಡ್ತಾರೆ, ಅದು ಗೊತ್ತಿರೋರು ಕಮ್ಮಿ. ಮಷೀನಿನ ಹಿಂದೆ ಕಸ್ಟಮರ್ ಕೇರ್ ಕೆಳಗೆ ಇನ್ನೊಂದು ಮೇಲ್ ಐಡಿ ಪ್ರಿಂಟ್ ಮಾಡೋಕೆ ಎಷ್ಟು ಶಾಯಿ ಬೇಕು?

ಬರೀ ಬೈದು ಎದ್ದು ಹೋದ ಅಂತ ಆಗ್ಬಾರ್ದು, ಅದಕ್ಕೆ ಮುಂದಿನ ಟೆಂಡರಿಗೆ ಹಾಕೋಕೆ ಒಂದು ಪ್ಯಾರಾ ನಾನೇ ಬರೆದಿದೀನಿ, ನಿಮ್ಮ ಭಾಷೇಲೇ, ಕಾಪಿ ಹೊಡ್ಕೊಳ್ಳಿ, ನನ್ನ ಹೆಸರೇನೂ ಬೇಡ:

"ಸರಬರಾಜುದಾರರು ಉಪಕರಣದಲ್ಲಿ ಬಳಸುವ ಕರ್ನಲ್ ಆವೃತ್ತಿಯು, ಸರಬರಾಜಿನ ದಿನಾಂಕದಂದು, ಅದರ ಮೂಲ ಅಭಿವೃದ್ಧಿದಾರರಿಂದ ಭದ್ರತಾ ಪರಿಹಾರ ಪಡೆಯುತ್ತಿರುವ ಆವೃತ್ತಿಯಾಗಿರತಕ್ಕದ್ದು. ಉಪಕರಣವು ಬಳಕೆಯಲ್ಲಿರುವ ಸಂಪೂರ್ಣ ಅವಧಿಗೆ, ಸದರಿ ಪರಿಹಾರಗಳನ್ನು ಬಿಡುಗಡೆಯಾದ 60 ದಿನಗಳ ಒಳಗಾಗಿ ಎಲ್ಲಾ ಉಪಕರಣಗಳಿಗೆ ಸ್ವಂತ ಖರ್ಚಿನಲ್ಲಿ ತಲುಪಿಸತಕ್ಕದ್ದು. ದೋಷದ ತೀವ್ರತೆ ಕಡಿಮೆ ಅಥವಾ ಮಧ್ಯಮ ಎಂಬ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ. ದೋಷ ವರದಿ ಮಾಡಲು ಸಾರ್ವಜನಿಕರಿಗೆ ಮಿಂಚಂಚೆ ವಿಳಾಸವನ್ನು ಉಪಕರಣದ ಮೇಲೆ ಮುದ್ರಿಸತಕ್ಕದ್ದು."

ಒಟ್ಟು ನಾಲ್ಕು ವಾಕ್ಯ. ಲೋಗೋ ಬಗ್ಗೆ ಇದ್ದಿದ್ದು ಆರು.

ಮ್ಯಾನೇಜರ್ ಸಾಹೇಬ್ರೇ, ನಿಮ್ಮ ಪಾಲಿನ ಕೆಲಸ ಇನ್ನೂ ಸಣ್ಣದು. ಹೋದ ತಿಂಗಳು ಗಾಂಧಿಬಜಾರಿನ ಒಂದು ಅಂಗಡೀಲಿ ಅದೇ ಮಷೀನ್ ನೋಡಿದೆ, ಅದೇ ಮೂಲೆ ಸವೆದ ಹಳದಿ ಪಟ್ಟಿ. ಬ್ಯಾಟರಿ ಸಡಿಲ ಆಗಿತ್ತೋ ಏನೋ, ಅಂಗಡಿಯವರು ತಟ್ಟಿ ಮತ್ತೆ ಆನ್ ಮಾಡಿದ್ರು, ಸ್ಕ್ರೀನ್ ಮೇಲೆ ಒಂದು ಕ್ಷಣ 4.9 ಅಂತ ಬಂದು ಹೋಯ್ತು. ಆಮೇಲೆ ಮೊಬೈಲ್ ನಂಬರ್ ಹೇಳಿ ಸಾರ್ ಅಂದ್ರು. ಬಿಲ್ ಬೇಡ ಅಂದು ಕಡಲೆಬೀಜ ತಗೊಂಡು ಬಂದೆ. ನನ್ನ ಹಿಂದೆ ಇದ್ದ ಅಜ್ಜಿ ಹತ್ತೂ ಅಂಕಿ ಜೋರಾಗಿ ಹೇಳ್ತಿದ್ರು.

ನಾನು ತೆಗೆದ ಆ ಟಿಕೆಟ್ ಇವತ್ತಿಗೂ ಕ್ಲೋಸ್ಡ್, ಲೋ ಸೆವೆರಿಟಿ ಅಂತಾನೇ ಇರ್ಬೇಕು. ರೀಓಪನ್ ಬಟನ್ನು ಬಲಗಡೆ ಮೇಲ್ಗಡೆ ಇದೆ.

ಇಂತಿ,
ಬೋರ್ಡ್ ಎಬ್ಬಿಸೋ ಕೆಲಸದವನು,
ಬನಶಂಕರಿ, ಬೆಂಗಳೂರು